ಮೀನಿನ ಲೆಕ್ಕ ಕೇಳಿದವನು

1871ನೆಯ ಇಸವಿ ಫೆಬ್ರವರಿ 9ರಂದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಕಾಂಗ್ರೆಸ್ಸು ಒಂದು ಹೊಸ ಹುದ್ದೆಯನ್ನು ಸೃಷ್ಟಿಸಿತು. ಕಡಲಂಚಿನಲ್ಲಿಯೂ ಸರೋವರಗಳಲ್ಲಿಯೂ ಮೀನು ಕಡಿಮೆಯಾಗುತ್ತಿರುವುದು ದಿಟವೆ, ದಿಟವಾದರೆ ಕಾರಣವೇನು, ಅದಕ್ಕೆ ಉಪಾಯವೇನು ಎಂಬುದನ್ನು ವಿಚಾರಿಸಿ ತಿಳಿಸುವುದು ಆ ಅಧಿಕಾರಿಯ ಕರ್ತವ್ಯ. ಆತನು ಆಗಲೇ ಸರ್ಕಾರದ ಸೇವೆಯಲ್ಲಿ ಇರಬೇಕು. ಮೀನುಗಳ ವಿಷಯದಲ್ಲಿ ಶಾಸ್ತ್ರಜ್ಞಾನವುಳ್ಳವನೆಂದು ಹೆಸರಾಗಿರಬೇಕು. ಈ ಕೆಲಸಕ್ಕೆಂದು ಬೇರೆ ಸಂಬಳ ಕೇಳಕೂಡದು. ಇಷ್ಟು ಷರತ್ತುಗಳಿಗೂ ಹೊಂದುವ ಮನುಷ್ಯ ಆ ದೇಶದಲ್ಲಿ ಹೆಚ್ಚು ಕಡಮೆ ಒಬ್ಬನೇ ಇದ್ದನು. ಆ ಯೋಜನೆಯ ಬೆನ್ನ ಹಿಂದೆ ನಿಂತು ಅದನ್ನು ನಡೆಯಿಸಿದವನೂ ಅವನೇ ಎಂದಮೇಲೆ ಇದರಲ್ಲಿ ಸೋಜಿಗವೇನೂ ಇಲ್ಲ. ಆತನ ಹೆಸರು ಸ್ಪೆನ್ಸರ್ ಫುಲರ್ಟನ್ ಬೇರ್ಡ್.

ಬೇರ್ಡನ ಜೀವನವನ್ನು ಹೇಳುವವರು ಸಾಮಾನ್ಯವಾಗಿ ಆತನು ಕೂಡಿಸಿದ ವಸ್ತುಸಂಗ್ರಹವನ್ನೂ, ಹಕ್ಕಿಗಳ ಮೇಲೆ ಬರೆದ ಗ್ರಂಥಗಳನ್ನೂ ಕೊಂಡಾಡುತ್ತಾರೆ. ಅವು ಕೊಂಡಾಟಕ್ಕೆ ಯೋಗ್ಯವಾದುವೇ. ಆದರೆ ನನ್ನ ಕುತೂಹಲ ಬೇರೊಂದು ಕಡೆಗೆ ಹರಿದಿದೆ. ಆ ಹುದ್ದೆ ಹುಟ್ಟುವುದಕ್ಕೆ ಎರಡು ತಿಂಗಳು ಮುಂಚೆ, 1870ರ ಡಿಸೆಂಬರಿನಲ್ಲಿ, ನ್ಯೂಯಾರ್ಕ್ ನಗರದಲ್ಲಿ ಕೆಲವೇ ಮಂದಿ ಮೀನು ಸಾಕುವವರು ಸೇರಿ ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ಈ ಸಂಘ ಬೇರ್ಡನಿಗೆ ಹಣವನ್ನು ಒದಗಿಸಿತು, ಆಳುಗಳನ್ನು ಒದಗಿಸಿತು, ಕೇಳುವ ಕಿವಿಗಳನ್ನು ಒದಗಿಸಿತು. ಅದರ ಜೊತೆಗೇ ಆತನನ್ನು ತಾನು ಹಿಡಿದಿದ್ದ ದಾರಿಯಿಂದ ಕೈಹಿಡಿದು ಬೇರೆಡೆಗೆ ಕರೆದೊಯ್ದಿತು. ಸರ್ಕಾರದ ಒಬ್ಬ ವಿದ್ವಾಂಸನಿಗೂ ವೃತ್ತಿಯವರ ಒಂದು ಕೂಟಕ್ಕೂ ನಡುವೆ ನಡೆದ ಈ ಕೊಡುಕೊಳ್ಳುವಿಕೆಯಲ್ಲಿ, ನಾವು ಇಂದು ಮತ್ಸ್ಯಸಂರಕ್ಷಣೆ ಎನ್ನುವುದರ ಬೀಜವೂ ಇದೆ, ಕಳೆಯೂ ಇದೆ.

ಬೇರ್ಡ್ ಹುಟ್ಟಿದುದು 1823ರ ಫೆಬ್ರವರಿ 3ರಂದು, ಪೆನ್ಸಿಲ್ವೇನಿಯದ ರೀಡಿಂಗ್ ಎಂಬ ಊರಿನಲ್ಲಿ. ಹತ್ತು ವರ್ಷದವನಾಗಿದ್ದಾಗ ತಂದೆ ಕಾಲರಾಕ್ಕೆ ತುತ್ತಾದನು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಕಾರ್ಲೈಲ್ ಎಂಬ ಊರಿಗೆ ಬಂದಳು. ಅಲ್ಲಿನ ಡಿಕಿನ್ಸನ್ ಕಾಲೇಜಿನಿಂದ ಹದಿನೇಳನೆಯ ವಯಸ್ಸಿನಲ್ಲೇ ಬೇರ್ಡನು ಪದವಿ ಪಡೆದು ಹೊರಬಿದ್ದನು. ಅಣ್ಣ ವಿಲಿಯಮ್ಮನೊಡನೆ ಹೆಗಲಿಗೆ ಕೋವಿ ಏರಿಸಿ ಕಾಡು ತಿರುಗಿ ಹಕ್ಕಿಗಳನ್ನು ಕೂಡಿಸುವುದೇ ಆತನ ನಿಜವಾದ ವಿದ್ಯಾಭ್ಯಾಸ. 1842ರ ಒಂದೇ ವರ್ಷದಲ್ಲಿ ಎರಡು ಸಾವಿರ ಮೈಲಿಗೂ ಮಿಕ್ಕು ನಡೆದನಂತೆ. ಪ್ರಸಿದ್ಧ ಪಕ್ಷಿಚಿತ್ರಕಾರ ಆಡುಬಾನನಿಗೆ ಹದಿಹರೆಯದ ಈ ಹುಡುಗ ಸಂಕೋಚದಿಂದ ಒಂದು ಕಾಗದ ಬರೆದನು. ಹಕ್ಕಿಯೊಂದರ ಗುರುತು ಸಿಕ್ಕದೆ ಕೇಳಿದ ಕಾಗದ. ಮುದುಕನು ಆ ಹುಡುಗನನ್ನು ಸಮಾನನಂತೆ ಕಂಡನು, ತನ್ನ ಸಂಗ್ರಹದ ಒಂದು ಭಾಗವನ್ನು ಕೊಟ್ಟನು, ಒಂದು ಗುಬ್ಬಚ್ಚಿಗೆ ಆತನ ಹೆಸರನ್ನೇ ಇಟ್ಟನು. ಗೊತ್ತಿಲ್ಲದ ಮನುಷ್ಯನಿಗೆ ಕಾಗದ ಬರೆದು ಕೇಳಿದರೆ ಕೆಲಸವಾಗುತ್ತದೆ ಎಂಬ ಪಾಠವನ್ನು ಬೇರ್ಡನು ಅಂದು ಕಲಿತನೆಂದು ತೋರುತ್ತದೆ. ಸಾಯುವತನಕ ಆತನು ಕಾಗದ ಬರೆಯುವುದನ್ನು ನಿಲ್ಲಿಸಲಿಲ್ಲ.

ವೈದ್ಯ ವಿದ್ಯೆಗೆಂದು ನ್ಯೂಯಾರ್ಕಿಗೆ ಹೋಗಿ, ಮನಸ್ಸು ನಿಲ್ಲದೆ ಹಿಂದಿರುಗಿದನು. 1845ರಲ್ಲಿ ಓದಿದ ಕಾಲೇಜಿನಲ್ಲೇ ಪ್ರಕೃತಿವಿಜ್ಞಾನದ ಉಪಾಧ್ಯಾಯನಾದನು; ಮರುವರ್ಷ ಮೇರಿ ಚರ್ಚಿಲ್ ಎಂಬವಳನ್ನು ಮದುವೆಯಾದನು. 1850ರಲ್ಲಿ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸಹಾಯಕ ಕಾರ್ಯದರ್ಶಿಯಾಗಿ ಕರೆ ಬಂದಾಗ ಆತನ ವಯಸ್ಸು ಇಪ್ಪತ್ತೇಳು. ವರದಕ್ಷಿಣೆಯ ಸಾಮಾನಿನಂತೆ ಎರಡು ರೈಲುಡಬ್ಬಿಗಳ ತುಂಬ ಹಕ್ಕಿ, ಹಾವು, ಮೀನು, ಮೊಟ್ಟೆಗಳನ್ನು ತುಂಬಿಕೊಂಡು ರಾಜಧಾನಿಗೆ ಬಂದನು. ಅಲ್ಲಿ ಆತನ ಮೇಲಧಿಕಾರಿ ಭೌತವಿಜ್ಞಾನಿ ಜೋಸೆಫ್ ಹೆನ್ರಿ. ಹೆನ್ರಿಗೆ ವಸ್ತುಸಂಗ್ರಹವೆಂದರೆ ಅಷ್ಟಕ್ಕಷ್ಟೆ. ಬೇರ್ಡನಿಗೆ ಅದೇ ಪ್ರಾಣ. ಜಗಳವಾಡದೆ ಮೆಲ್ಲಮೆಲ್ಲನೆ ತನ್ನ ಇಷ್ಟವನ್ನು ಸಾಧಿಸಿಕೊಳ್ಳುವ ಕಲೆ ಆತನಿಗೆ ಸಿದ್ಧಿಸಿತ್ತು. ಮಾವನು ಸೈನ್ಯದ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದುದು ಒಂದು ಅನುಕೂಲ. ಪಶ್ಚಿಮಕ್ಕೆ ಹೋಗುವ ಸೈನ್ಯದ ವೈದ್ಯರು, ರೈಲುದಾರಿಯ ಮೋಜಣಿಗೆ ಹೊರಟ ತಂಡಗಳು, ಉತ್ತರದ ತೊಗಲು ವ್ಯಾಪಾರಿಗಳು, ಎಲ್ಲರಿಗೂ ಬೇರ್ಡನಿಂದ ಕಾಗದ, ಅದರೊಡನೆ ಸೀಸೆ, ಸಾರಾಯಿ, ಕೈಪಿಡಿ. ಪೀಪಾಯಿಗಟ್ಟಲೆ ಮಾದರಿಗಳು ರಾಜಧಾನಿಗೆ ಬಂದವು. ಸಭೆಯಲ್ಲಿ ಎದ್ದು ಮಾತನಾಡಲು ನಾಚುತ್ತಿದ್ದ ಈ ಮನುಷ್ಯ, ಮೇಜಿನ ಮುಂದೆ ಕುಳಿತು ಒಂದು ಖಂಡದ ಪ್ರಾಣಿಗಳನ್ನೆಲ್ಲ ಲೆಕ್ಕಕ್ಕೆ ತಂದನು.

ಮೀನಿನ ವಿಷಯಕ್ಕೆ ಬರೋಣ. 1863ರಲ್ಲಿ ಬೇರ್ಡನು ಸಂಸಾರಸಮೇತ ಬೇಸಗೆ ಕಳೆಯಲು ಮ್ಯಾಸಚೂಸೆಟ್ಸ್ ಕರಾವಳಿಯ ವುಡ್ಸ್ ಹೋಲ್ ಎಂಬ ಹಳ್ಳಿಗೆ ಹೋಗಿದ್ದನು. ಏಳು ವರ್ಷಗಳ ಮೇಲೆ ಮತ್ತೆ ಅಲ್ಲಿಗೆ ಹೋದಾಗ, ಹಿಂದೆ ದಂಡಿಯಾಗಿದ್ದ ಮೀನು ಕಾಣೆಯಾಗಿತ್ತು. ಊರಿನಲ್ಲಿ ಎರಡು ಪಕ್ಷ. ಗಾಳದವರು ಒಂದು ಕಡೆ. ದಡದಿಂದ ಕಡಲೊಳಕ್ಕೆ ಗೂಟ ನೆಟ್ಟು ಬಲೆ ಕಟ್ಟಿ, ಮೊಟ್ಟೆಯಿಡಲು ತೀರಕ್ಕೆ ಬರುವ ಹಿಂಡುಗಳನ್ನು ಒಟ್ಟಿಗೇ ಬೋನಿಗೆ ಹಾಕುವವರು ಇನ್ನೊಂದು ಕಡೆ. ಸ್ಕಪ್ ಎಂಬ ಬಡವರ ಮೀನನ್ನು ಬಲೆಯವರು ನಿರ್ನಾಮ ಮಾಡಿದರೆಂದು ಗಾಳದವರ ದೂರು. ಕಡಲಿಗೆ ಬರಗಾಲವುಂಟೆ, ಇದೆಲ್ಲ ಹೊಟ್ಟೆಕಿಚ್ಚಿನ ಮಾತು ಎಂದು ಬಲೆಯವರ ಸಮಾಧಾನ. ಮ್ಯಾಸಚೂಸೆಟ್ಸ್ ರಾಜ್ಯವೂ ನೆರೆಯ ರೋಡ್ ಐಲೆಂಡ್ ರಾಜ್ಯವೂ ವಿಚಾರಣೆ ನಡೆಯಿಸಿ ಒಂದಕ್ಕೊಂದು ವಿರುದ್ಧವಾದ ತೀರ್ಪುಗಳನ್ನು ಕೊಟ್ಟಿದ್ದವು. ಎರಡು ಪಕ್ಷದ ಮಾತಿನ ಹಿಂದೆಯೂ ಲೆಕ್ಕವೆಂಬುದು ಇರಲಿಲ್ಲ. ಬೇರ್ಡನು ಕಾಂಗ್ರೆಸ್ಸಿನ ಮುಂದೆ ಹೋದುದು ಈ ಲೆಕ್ಕಕ್ಕಾಗಿ.

ಮೊದಲ ವರ್ಷಕ್ಕೆ ಆತನಿಗೆ ಸಿಕ್ಕಿದುದು 5,000 ಡಾಲರು. ಆ ಹಣದಲ್ಲಿ 1871ರ ಬೇಸಗೆಯಲ್ಲಿ ವುಡ್ಸ್ ಹೋಲಿನಲ್ಲಿ ಬೀಡುಬಿಟ್ಟು ಆತನು ಮಾಡಿದ ಕೆಲಸವನ್ನು ನಾನು ಆತನ ಬಾಳಿನ ಅತ್ಯುತ್ತಮ ಕೆಲಸವೆಂದು ಎಣಿಸುತ್ತೇನೆ. ಬೆಸ್ತರನ್ನು ಕೂರಿಸಿಕೊಂಡು ಸಾಕ್ಷ್ಯ ಬರೆದುಕೊಂಡನು. ನೀರಿನ ಉಷ್ಣವನ್ನು ಅಳೆಯಿಸಿದನು; ಮೀನುಗಳ ಹೊಟ್ಟೆ ಬಗೆದು ಅವು ತಿಂದುದೇನೆಂದು ನೋಡಿದನು; ಅವುಗಳ ತಿಂಡಿಯಾದ ಹುಳುಹುಪ್ಪಟೆಗಳನ್ನು ಕಡಲ ತಳದಿಂದ ಕೆರೆದು ತೆಗೆಯಿಸಿದನು. ಮೀನನ್ನು ಕಾಪಾಡಬೇಕಾದರೆ ಅದು ಬದುಕುವ ನೀರನ್ನೂ, ಅದು ತಿನ್ನುವುದನ್ನೂ, ಅದನ್ನು ತಿನ್ನುವುದನ್ನೂ ತಿಳಿಯಬೇಕು ಎಂಬ ನೋಟ ಅಂದಿಗೆ ಹೊಸದು. ತೀರದ ಮೀನು ಕಡಿಮೆಯಾಗಿರುವುದು ದಿಟ. ಅದಕ್ಕೆ ಗೂಟದ ಬಲೆಯೂ ಕಾರಣ, ಹಿಂಡುಹಿಂಡಾಗಿ ಬಂದು ಸಿಕ್ಕಿದುದನ್ನೆಲ್ಲ ಕೊಚ್ಚಿಹಾಕುವ ಬ್ಲೂಫಿಷ್ ಎಂಬ ಹೊಟ್ಟೆಬಾಕ ಮೀನೂ ಕಾರಣ ಎಂದು ನಿರ್ಣಯಿಸಿದನು. ಬಲೆಯನ್ನು ಪೂರ್ತಿ ನಿಷೇಧಿಸಬೇಕಾಗಿಲ್ಲ. ಮೊಟ್ಟೆಯಿಡುವ ಕಾಲದಲ್ಲಿ ವಾರಕ್ಕೆ ಕೆಲವು ದಿನ ಅದನ್ನು ತೆರೆದಿಟ್ಟರೆ ಸಾಕು ಎಂದು ಸೂಚಿಸಿದನು. ಎರಡು ರಾಜ್ಯಗಳೂ ಒಂದಾಗಿ ಅಂಥ ಕಾನೂನು ಮಾಡಲಿಲ್ಲ. ಇಷ್ಟರಲ್ಲಿ ಕಡಲು ಒಂದು ಚೇಷ್ಟೆ ಮಾಡಿತು: ಅದೇ ವರ್ಷ ಸ್ಕಪ್ಪಿನ ಮರಿಗಳು ಎಣಿಕೆಯಿಲ್ಲದಷ್ಟು ಕಾಣಿಸಿಕೊಂಡು, ಮುಂದಿನ ಕೆಲವು ವರ್ಷ ಆ ಮೀನು ಮತ್ತೆ ಹೇರಳವಾಯಿತು. ಕೆಲವು ವರ್ಷದ ಮರಿ ಉಳಿದು ಕೆಲವು ವರ್ಷದ್ದು ಅಳಿಯುವುದೇ ಕಡಲ ಸ್ವಭಾವವೆಂಬುದನ್ನು ಶಾಸ್ತ್ರವು ಕಂಡುಕೊಂಡುದು ಎಷ್ಟೋ ಕಾಲದ ಮೇಲೆ. ಅಂದಂತೂ ಬಲೆಯವರು ನಕ್ಕರು.

ಈಗ ಸಂಘದ ಕಥೆ. ಅಮೆರಿಕನ್ ಮತ್ಸ್ಯಪಾಲಕರ ಸಂಘವೆಂದು ಹೆಸರಿಟ್ಟುಕೊಂಡ ಆ ಕೂಟದವರು ವಿದ್ವಾಂಸರಲ್ಲ. ಕೊಳ ಕಟ್ಟಿ ಟ್ರೌಟ್ ಮೀನನ್ನು ಬೆಳೆಸಿ, ಮೊಟ್ಟೆಯನ್ನೂ ಮರಿಯನ್ನೂ ಮಾರುತ್ತಿದ್ದವರು. ಮೊದಲ ಅಧ್ಯಕ್ಷ ವಿಲಿಯಂ ಕ್ಲಿಫ್ಟ್ ಒಬ್ಬ ಪಾದ್ರಿ. ಕಾರ್ಯದರ್ಶಿ ಲಿವಿಂಗ್‌ಸ್ಟನ್ ಸ್ಟೋನ್ ಕೂಡ ಪಾದ್ರಿಯ ವೃತ್ತಿಯನ್ನು ಬಿಟ್ಟು ಮೀನಿನ ಕೊಳಕ್ಕೆ ಇಳಿದವನು. ಹೆಣ್ಣುಮೀನಿನ ಹೊಟ್ಟೆಯನ್ನು ಮೆಲ್ಲನೆ ಒತ್ತಿ ಮೊಟ್ಟೆ ತೆಗೆದು, ಗಂಡಿನ ಹಾಲು ಬೆರೆಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಮರಿ ಮಾಡಿಸುವ ವಿದ್ಯೆ ಅವರ ಬಂಡವಾಳ. ಹೊಳೆಯಲ್ಲಿ ಸಾವಿರಕ್ಕೆ ಒಂದೋ ಎರಡೋ ಉಳಿಯುವ ಮೊಟ್ಟೆಗಳು ತಮ್ಮ ತಟ್ಟೆಯಲ್ಲಿ ಬಹುಪಾಲು ಮರಿಯಾಗುವುದನ್ನು ಕಣ್ಣಾರೆ ಕಂಡಿದ್ದ ಜನ. ಅಂಥವರಿಗೆ ದೇಶದ ಹೊಳೆಗಳನ್ನೆಲ್ಲ ಮತ್ತೆ ಮೀನಿನಿಂದ ತುಂಬಿಬಿಡುತ್ತೇವೆ ಎಂಬ ಹುಮ್ಮಸ್ಸು ಬಂದರೆ ತಪ್ಪೇನು? ಮೊದಲಿಗೆ ಅವರಿಗಿದ್ದುದು ತಮ್ಮ ಕಸುಬಿನ ಹಿತ. ಆದರೆ ವರ್ಷಕ್ಕೊಮ್ಮೆ ಸೇರಿ ಪ್ರಬಂಧ ಓದಿ ಅದನ್ನು ಅಚ್ಚುಹಾಕಿಸುವ ಪದ್ಧತಿಯನ್ನು ಹಚ್ಚಿಕೊಂಡ ಕೂಟವು ಬಹುಕಾಲ ಬರಿಯ ವರ್ತಕರ ಕೂಟವಾಗಿ ಉಳಿಯಲಾರದು. ಒಬ್ಬನ ಗುಟ್ಟು ಎಲ್ಲರ ಸೊತ್ತಾಗುತ್ತದೆ. ಒಬ್ಬನ ಬಡಾಯಿಯನ್ನು ಇನ್ನೊಬ್ಬನು ಪರೀಕ್ಷಿಸುತ್ತಾನೆ.

1872ರ ಫೆಬ್ರವರಿಯಲ್ಲಿ ಸಂಘವು ಆಲ್ಬನಿಯಲ್ಲಿ ಸೇರಿದಾಗ, ಜಾರ್ಜ್ ಶೆಪರ್ಡ್ ಪೇಜ್ ಎಂಬ ಸದಸ್ಯನು ಒಂದು ಸಲಹೆಯನ್ನು ಮುಂದಿಟ್ಟನು. ಸಾಲ್ಮನ್ ಮತ್ತು ಶ್ಯಾಡ್ ಮೀನುಗಳ ಮರಿ ಮಾಡಿಸಿ ರಾಷ್ಟ್ರದ ಹೊಳೆಗಳಿಗೆ ಬಿಡುವ ಕಾರ್ಯಕ್ಕೆ ಕಾಂಗ್ರೆಸ್ಸಿನಿಂದಲೇ ಹಣ ಕೇಳಬೇಕು ಎಂದು. ಸಂಘವು ಅರ್ಜಿ ಹಿಡಿದು ವಾಷಿಂಗ್‌ಟನ್ನಿಗೆ ನಡೆಯಿತು. ಕಾಂಗ್ರೆಸ್ಸಿನಲ್ಲಿ ಸದಸ್ಯನಾಗಿದ್ದ ರಾಬರ್ಟ್ ರೂಸ್‌ವೆಲ್ಟ್ ಬೆಂಬಲಕ್ಕೆ ನಿಂತನು. ಈತನು ಮುಂದೆ ಅಧ್ಯಕ್ಷನಾದ ಥಿಯೊಡರ್ ರೂಸ್‌ವೆಲ್ಟನ ದೊಡ್ಡಪ್ಪ, ಹಲವು ವರ್ಷ ಸಂಘದ ಅಧ್ಯಕ್ಷನೂ ಆದವನು. ಆ ಬೇಸಗೆಯಲ್ಲೇ 15,000 ಡಾಲರು ಮಂಜೂರಾಯಿತು. ಅದನ್ನು ವೆಚ್ಚಮಾಡುವ ಭಾರ ಬೇರ್ಡನ ಹೆಗಲಿಗೆ ಬಂತು.

ಈ ಎರಡು ಅಂಕಿಗಳನ್ನು ವಾಚಕರು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೀನು ಏಕೆ ಕಡಿಮೆಯಾಯಿತೆಂದು ವಿಚಾರಿಸುವುದಕ್ಕೆ 5,000. ಕಾರಣವನ್ನು ಕೇಳದೆ ಮೀನನ್ನು ಹೆಚ್ಚಿಸುವುದಕ್ಕೆ 15,000. ಬೇರ್ಡನು ಮೊದಮೊದಲು ಹಿಂಜರಿದನು. ಈ ಹೊರೆ ಆತನು ಬಯಸಿ ಬೇಡಿದ್ದಲ್ಲ. ಆದರೆ ಆತನು ಸರ್ಕಾರದ ರೀತಿನೀತಿಗಳನ್ನು ಬಲ್ಲ ಮನುಷ್ಯ. ವಿಚಾರಣೆಯ ಫಲ ಗ್ರಂಥದಲ್ಲಿ ಕಾಣುತ್ತದೆ. ಮರಿಯ ಫಲ ಪ್ರತಿಯೊಬ್ಬ ಸದಸ್ಯನ ಕ್ಷೇತ್ರದ ಹೊಳೆಯಲ್ಲಿ ಕಾಣುತ್ತದೆ. ಯಾವುದಕ್ಕೆ ಮತ ಬೀಳುತ್ತದೆಂಬುದನ್ನು ತಿಳಿಯಲು ಆತನಿಗೆ ಕಷ್ಟವಾಗಲಿಲ್ಲ. ಜೂನ್ ತಿಂಗಳಲ್ಲಿ ಬಾಸ್ಟನ್ನಿನಲ್ಲಿ ಸಂಘದವರನ್ನೂ ರಾಜ್ಯಗಳ ಮತ್ಸ್ಯಾಧಿಕಾರಿಗಳನ್ನೂ ಸಭೆ ಕರೆದು, ಯಾವ ಹೊಳೆಗೆ ಯಾವ ಮೀನು ಎಂದು ಆಲೋಚನೆ ನಡೆಯಿಸಿದನು. ಬರಬರುತ್ತ ಆತನೇ ಆ ಪಕ್ಷದ ದೊಡ್ಡ ವಕೀಲನಾದನು. ಮೀನನ್ನು ಅಗ್ಗವಾಗಿ ಹೆಚ್ಚಿಸಬಹುದಾದರೆ ಬೆಸ್ತರ ಮೇಲೆ ಕಾನೂನು ಹೇರುವ ನಿಷ್ಠುರ ಏಕೆ ಎಂಬುದು ಆತನ ವಾದ. ಕೇಳಲು ಇಂಪಾದ ವಾದ. ಹೀಗೆ ನಿಷ್ಠುರವನ್ನು ತಪ್ಪಿಸಿಕೊಂಡುದಕ್ಕೆ ಮುಂದೆ ಮೀನೇ ಬೆಲೆ ಕೊಟ್ಟಿತೆಂದು ನನ್ನ ಅಭಿಪ್ರಾಯ.

ಸಂಘವು ಕೊಟ್ಟ ಆಳುಗಳಲ್ಲಿ ಸ್ಟೋನ್ ಮುಖ್ಯನಾದವನು. ಬೇರ್ಡನು ಆತನನ್ನು ಅದೇ ವರ್ಷ ಕ್ಯಾಲಿಫೋರ್ನಿಯಕ್ಕೆ ಅಟ್ಟಿದನು. ವಿಂಟು ಜನಾಂಗದವರು ವಾಸಿಸುತ್ತಿದ್ದ ಮೆಕ್ಲೌಡ್ ಹೊಳೆಯ ದಡದಲ್ಲಿ ಸ್ಟೋನ್ ಕಟ್ಟಿದ ಕೇಂದ್ರಕ್ಕೆ ಬೇರ್ಡ್ ಎಂದೇ ಹೆಸರಾಯಿತು. ಮೊದಲ ವರ್ಷ ಪೂರ್ವಕ್ಕೆ ಕಳಿಸಿದ 30,000 ಮೊಟ್ಟೆಗಳಲ್ಲಿ ಹೆಚ್ಚಿನವು ಸೆಕೆಗೆ ದಾರಿಯಲ್ಲೇ ಕೆಟ್ಟುವು. 1873ರ ಜೂನ್ ತಿಂಗಳಲ್ಲಿ ಸ್ಟೋನ್ ಒಂದು ರೈಲುಡಬ್ಬಿಯನ್ನೇ ನೀರಿನ ತೊಟ್ಟಿಯಾಗಿ ಮಾಡಿ, ಪೂರ್ವದ ಮೀನುಗಳನ್ನು ತುಂಬಿ ಪಶ್ಚಿಮಕ್ಕೆ ಹೊರಟನು. ನೆಬ್ರಾಸ್ಕದಲ್ಲಿ ಎಲ್ಕ್‌ಹಾರ್ನ್ ಹೊಳೆಯ ಸೇತುವೆ ಕುಸಿದು ಡಬ್ಬಿ ನೀರಿಗೆ ಬಿತ್ತು. ಮೀನೆಲ್ಲ ಯಾರೂ ಎಣಿಸದಿದ್ದ ಹೊಳೆಯ ಪಾಲಾಯಿತು. ಸ್ಟೋನ್ ಪ್ರಾಣದೊಡನೆ ಈಜಿ ಬಂದುದೇ ಹೆಚ್ಚು. ಆ ಮನುಷ್ಯ ಎದೆಗೆಟ್ಟನೆ? ಹಿಂದಕ್ಕೆ ಬಂದು, ಕ್ಯಾನುಗಳಲ್ಲಿ ಶ್ಯಾಡ್ ಮರಿಗಳನ್ನು ತುಂಬಿಕೊಂಡು, ಹಗಲಿರುಳು ನೀರು ಬದಲಾಯಿಸುತ್ತ ಜುಲೈ ಆರಂಭಕ್ಕೆ ಸ್ಯಾಕ್ರಮೆಂಟೊ ಹೊಳೆಯನ್ನು ಮುಟ್ಟಿದನು. ಎರಡು ವರ್ಷ ಮುಂಚೆ ಸೆತ್ ಗ್ರೀನ್ ಎಂಬಾತನು ಅದೇ ಹೊಳೆಗೆ ಶ್ಯಾಡ್ ಬಿಟ್ಟಿದ್ದನು. ಆ ಮೀನಿನ ಸಂತತಿ ಇಂದಿಗೂ ಪೆಸಿಫಿಕ್ ತೀರದಲ್ಲಿ ಲಕ್ಷಲಕ್ಷವಾಗಿದೆ. ಪೂರ್ವದ ಹೊಳೆಗಳಿಗೆ ತಂದ ಕ್ಯಾಲಿಫೋರ್ನಿಯದ ಸಾಲ್ಮನ್ ಮಾತ್ರ ಬೇರು ಬಿಡಲೇ ಇಲ್ಲ. ಒಂದು ದಿಕ್ಕಿನಲ್ಲಿ ಗೆಲವು, ಒಂದು ದಿಕ್ಕಿನಲ್ಲಿ ಸೋಲು. ಏಕೆಂದು ಹೇಳಬಲ್ಲವರು ಆಗ ಯಾರೂ ಇರಲಿಲ್ಲ.

ಆದರೂ ಬೇರ್ಡನೊಳಗಿನ ವಿಚಾರಕನು ಸತ್ತಿರಲಿಲ್ಲ. ಮೇಯ್ನ್ ಕರಾವಳಿಯ ಹತ್ತಿರಕ್ಕೆ ಕಾಡ್ ಮೀನು ಏಕೆ ಬರುವುದಿಲ್ಲವೆಂಬ ಪ್ರಶ್ನೆಗೆ ಆತನು ಕೊಟ್ಟ ಉತ್ತರವನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಗಿರಣಿಗಳಿಗಾಗಿ ಹೊಳೆಗಳಿಗೆ ಕಟ್ಟೆ ಹಾಕಿದರು. ಕಟ್ಟೆ ದಾಟಲಾರದೆ, ಹೊಳೆಯಲ್ಲಿ ಮೊಟ್ಟೆಯಿಡುವ ಆಲ್‌ವೈಫ್ ಮುಂತಾದ ಚಿಕ್ಕ ಮೀನುಗಳು ನಶಿಸಿದವು. ಅವುಗಳನ್ನು ಅಟ್ಟಿಕೊಂಡು ತೀರಕ್ಕೆ ಬರುತ್ತಿದ್ದ ಕಾಡ್ ಬರುವುದನ್ನು ಬಿಟ್ಟಿತು. ಕಡಲ ಬೆಸ್ತನ ಬಡತನದ ಮೂಲ ಒಳನಾಡಿನ ಗಿರಣಿಕಟ್ಟೆಯಲ್ಲಿದೆ ಎಂದು ಹೇಳಲು 1870ರ ದಶಕದಲ್ಲಿ ಎಷ್ಟು ದೂರದ ನೋಟ ಬೇಕು!

ಗೆಂಡೆಯ ಪ್ರಸಂಗವನ್ನು ಬಿಡುವಂತಿಲ್ಲ. 1877ರಲ್ಲಿ ರುಡಾಲ್ಫ್ ಹೆಸೆಲ್ ಎಂಬಾತನ ಕೈಯಲ್ಲಿ ಜರ್ಮನಿಯಿಂದ 345 ಗೆಂಡೆಗಳನ್ನು ಬೇರ್ಡನು ತರಿಸಿದನು. ಬಡ ರೈತನ ಹೊಂಡದಲ್ಲೂ ಬೆಳೆಯುವ ಮೀನೆಂದು ಅದರ ಕೀರ್ತಿ. ವಾಷಿಂಗ್‌ಟನ್ನಿನ ಕೊಳಗಳಲ್ಲಿ ಅದನ್ನು ಬೆಳೆಸಿ ಕಾಂಗ್ರೆಸ್ಸಿನ ಸದಸ್ಯರ ಮೂಲಕ ಪ್ರಸಾದದಂತೆ ಹಂಚಿದರು. ಕೆಲವೇ ವರ್ಷಗಳಲ್ಲಿ ಅದು ಕೊಳಗಳಿಂದ ಹೊಳೆಗೆ ಇಳಿದು, ನೀರನ್ನು ಕದಡಿ, ಜಲಸಸ್ಯಗಳನ್ನು ಕಿತ್ತು, ದೇಶೀಯ ಮೀನುಗಳಿಗೆ ಕಂಟಕವಾಯಿತು. ಇಂದು ಆ ದೇಶದವರು ಅದನ್ನು ಪಿಡುಗೆಂದು ಕರೆಯುತ್ತಾರೆ. ನಮ್ಮ ಕೆರೆಗಳಲ್ಲಿ ಸಾಮಾನ್ಯ ಗೆಂಡೆ ಎನ್ನಿಸಿಕೊಳ್ಳುವುದೂ ಇದೇ ಜಾತಿ. ನಮ್ಮ ದೇಶಕ್ಕೆ ಅದು ಬಂದುದು ಬೇರೆ ದಾರಿಯಿಂದ, 1939ರಲ್ಲಿ ಸಿಲೋನಿನಿಂದ ಉದಕಮಂಡಲಕ್ಕೆ, 1957ರಲ್ಲಿ ಬ್ಯಾಂಕಾಕಿನಿಂದ ಕಟಕಕ್ಕೆ.

1878ರಲ್ಲಿ ಹೆನ್ರಿ ತೀರಿಕೊಂಡ ಮೇಲೆ ಬೇರ್ಡನು ಸ್ಮಿತ್‌ಸೋನಿಯನ್ನಿನ ಕಾರ್ಯದರ್ಶಿಯಾದನು. ಸಂಬಳವಿಲ್ಲದ ಮೀನಿನ ಕೆಲಸ ಮಾತ್ರ ಹಾಗೆಯೇ ಮುಂದುವರಿಯಿತು. ಅದರ ಹಿಂದಿನ ವರ್ಷ ಕೆನಡದೊಡನೆ ನಡೆದ ಮೀನುಗಾರಿಕೆಯ ವ್ಯಾಜ್ಯದಲ್ಲಿ ಹ್ಯಾಲಿಫ್ಯಾಕ್ಸಿನ ಪಂಚಾಯಿತಿಯು ಅಮೆರಿಕದ ಮೇಲೆ 55 ಲಕ್ಷ ಡಾಲರು ಹೊರಿಸಿತ್ತು. ತಮ್ಮ ಮೀನಿನ ಲೆಕ್ಕ ತಮಗೇ ಗೊತ್ತಿಲ್ಲವೆಂಬುದು ಆಗ ಬಯಲಾಯಿತು. ಬೇರ್ಡನು ತನ್ನ ಶಿಷ್ಯ ಜಾರ್ಜ್ ಬ್ರೌನ್ ಗೂಡ್ ಎಂಬ ತರುಣನನ್ನು ಮುಂದಿಟ್ಟು, 1880ರ ಜನಗಣತಿಯೊಂದಿಗೆ ಇಡೀ ದೇಶದ ಬೆಸ್ತರು, ದೋಣಿಗಳು, ಬಲೆಗಳು, ಹಿಡಿದ ಮೀನು ಎಲ್ಲವನ್ನೂ ಎಣಿಸಿಸಿದನು. ಅದು ಏಳು ಸಂಪುಟಗಳಾಗಿ ಹೊರಬಂದಿತು. 1880ರ ಬರ್ಲಿನ್ ಪ್ರದರ್ಶನದಲ್ಲಿ ಜರ್ಮನ್ ಚಕ್ರವರ್ತಿಯ ಬಹುಮಾನ ಬೇರ್ಡನಿಗೆ ಸಂದಿತು. 1883ರ ಲಂಡನ್ ಪ್ರದರ್ಶನದಲ್ಲಿ, ಮಹಾವಿದ್ವಾಂಸನಾದ ಹಕ್ಸ್‌ಲಿ, ಕಾಡ್ ಹೆರಿಂಗ್‌ಗಳಂಥ ಕಡಲ ದೊಡ್ಡ ಮೀನುಗಾರಿಕೆಗಳು ಮನುಷ್ಯ ಎಷ್ಟು ಹಿಡಿದರೂ ಮುಗಿಯಲಾರವೆಂದು ಪ್ರತಿಪಾದಿಸಿದನು. ಹನ್ನೆರಡು ವರ್ಷ ಮುಂಚೆ ಬೆಸ್ತರ ಸಾಕ್ಷ್ಯ ಬರೆದುಕೊಂಡಿದ್ದವನು ಅಷ್ಟು ನಿಶ್ಚಿಂತನಾಗಿರಲಿಲ್ಲ.

ಸಂಘವೂ ಈ ಅವಧಿಯಲ್ಲಿ ಬೆಳೆಯಿತು. ವ್ಯಾಪಾರಿಗಳ ನಡುವೆ ರಾಜ್ಯದ ಅಧಿಕಾರಿಗಳು, ಅವರ ಪಕ್ಕದಲ್ಲಿ ಬೇರ್ಡನ ವಿಜ್ಞಾನಿಗಳು ಬಂದು ಕುಳಿತರು. ಟ್ರೌಟಿನ ಮೊಟ್ಟೆಯ ಮಾತಿನ ಜೊತೆಗೆ ಸಿಂಪಿ, ರೋಗ, ಹೊಲಸು ನೀರು, ಮೀನೇಣಿ ಇವುಗಳ ಮಾತು ಬಂತು. 1884ರಲ್ಲಿ ಸಂಘವು ತನ್ನ ಹೆಸರನ್ನೇ ಬದಲಾಯಿಸಿ ಅಮೆರಿಕನ್ ಫಿಷರೀಸ್ ಸೊಸೈಟಿ ಎನಿಸಿಕೊಂಡಿತು. ಆ ಹೆಸರಿನಿಂದಲೇ ಅದು ಇಂದಿಗೂ ಬದುಕಿದೆ, ಅದರ ವರದಿಗಳು ಇಂದಿಗೂ ಅಚ್ಚಾಗುತ್ತಿವೆ.

ಕೊನೆಯ ವರ್ಷಗಳಲ್ಲಿ ಬೇರ್ಡನು ಮತ್ತೆ ತನ್ನ ಮೊದಲ ಪ್ರೀತಿಗೆ ಮರಳಿದನೆನ್ನಬೇಕು. 1882ರಲ್ಲಿ, ಕಡಲ ಸಂಶೋಧನೆಗೆಂದೇ ಕಟ್ಟಿದ ಆಲ್ಬಟ್ರಾಸ್ ಎಂಬ ಹಡಗು ನೀರಿಗಿಳಿಯಿತು. 1885ರಲ್ಲಿ ವುಡ್ಸ್ ಹೋಲಿನಲ್ಲಿ ಸ್ಥಿರವಾದ ಪ್ರಯೋಗಶಾಲೆ ಎದ್ದಿತು. ನೆಲಕ್ಕೆ ಬೇಕಾದ ಹಣಕ್ಕೆ ವಿಶ್ವವಿದ್ಯಾಲಯಗಳ ಕೈಯನ್ನೂ ಹಿಡಿದನು. ಆ ಹೊತ್ತಿಗೆ ಹೃದಯ ಸೋತಿತ್ತು. 1887ರ ಆಗಸ್ಟ್ 19ರಂದು, ಆ ಶಾಲೆಯ ಮಗ್ಗುಲಲ್ಲೇ, ಆತನು ಕಣ್ಣು ಮುಚ್ಚಿದನು.

ಆತನು ಮರಿ ಮಾಡಿಸಿದ ಮೀನುಗಳ ಗತಿಯೇನಾಯಿತು? ಕಾಡ್ ಮರಿಗಳನ್ನು ಕೋಟಿಗಟ್ಟಲೆ ಕಡಲಿಗೆ ಬಿಡುವ ಕೆಲಸ ಆತನು ಸತ್ತಮೇಲೂ ದಶಕಗಟ್ಟಲೆ ನಡೆಯಿತು. ಅದರಿಂದ ಕಡಲಲ್ಲಿ ಕಾಡ್ ಹೆಚ್ಚಿತೆಂಬುದಕ್ಕೆ ಯಾರೂ ಪ್ರಮಾಣ ತೋರಿಸಲಾರದೆ, 1950ರ ದಶಕದ ಆರಂಭದ ವೇಳೆಗೆ ಅದು ನಿಂತಿತು. ಮೆಕ್ಲೌಡ್ ದಡದ ಬೇರ್ಡ್ ಕೇಂದ್ರವಿದ್ದ ಜಾಗ 1940ರ ದಶಕದಲ್ಲಿ ಶಾಸ್ತ ಅಣೆಕಟ್ಟಿನ ನೀರಿನಡಿ ಮುಳುಗಿತು. ಅಣೆಕಟ್ಟು ಸಾಲ್ಮನ್ನಿಗೆ ದಾರಿಯನ್ನೇ ಮುಚ್ಚಿತು.

ಆದರೆ ಮರಿ ಮಾಡಿಸಿದರೆ ಸಾಲದೆಂಬ ತಿಳಿವಿಗೆ ಅಷ್ಟು ಕಾಲ ಕಾಯಬೇಕಾಗಿರಲಿಲ್ಲ. 1883ರಲ್ಲಿ ಸ್ಯಾಕ್ರಮೆಂಟೊ ಕಣಿವೆಯಲ್ಲಿ ರೈಲುದಾರಿಗಾಗಿ ಬಂಡೆಗಳನ್ನು ಸಿಡಿಸಿದಾಗ ಮೆಕ್ಲೌಡಿಗೆ ಸಾಲ್ಮನ್ ಏರಿ ಬರುವುದೇ ಕ್ಷೀಣಿಸಿ, ಕೆಲವು ವರ್ಷ ಕೇಂದ್ರವನ್ನು ಮುಚ್ಚಬೇಕಾಯಿತು. ತಟ್ಟೆಗಳಿವೆ, ವಿದ್ಯೆಯಿದೆ, ಮೊಟ್ಟೆ ಕೊಡುವ ಮೀನಿಲ್ಲ. ಅದನ್ನು ಕಣ್ಣಾರೆ ಕಂಡವನು ಸ್ಟೋನ್. 1892ರಲ್ಲಿ ಆತನು ಅದೇ ಸಂಘದ ಸಭೆಯಲ್ಲಿ ಎದ್ದು ನಿಂತು ಒಂದು ಪ್ರಬಂಧವನ್ನು ಓದಿದನು. ಕಾಡೆಮ್ಮೆಗೆ ಬಂದ ಗತಿಯೇ ಸಾಲ್ಮನ್ನಿಗೂ ಬರಲಿದೆ. ಗಿರಣಿ, ಕಟ್ಟೆ, ರೈಲು, ಬಲೆ ಯಾವುದೂ ಮುಟ್ಟದ ಒಂದು ಆಶ್ರಯವನ್ನು ಅಲಾಸ್ಕದಲ್ಲಿ ಅದಕ್ಕಾಗಿ ಮೀಸಲಿಡಬೇಕು ಎಂದು ಕೇಳಿಕೊಂಡನು. ಇಪ್ಪತ್ತು ವರ್ಷ ಮುಂಚೆ ಮೊಟ್ಟೆಗೆಂದು 15,000 ಡಾಲರನ್ನು ಬೇಡಿದ್ದ ವೇದಿಕೆಯದು. ಆ ಮೊಟ್ಟೆ ತರಲು ಮೊದಲು ಹೊರಟಿದ್ದವನೇ ಈ ಮಾತನ್ನಾಡಿದವನು. ಅದೇ ಡಿಸೆಂಬರ್ 24ರಂದು ಅಧ್ಯಕ್ಷ ಹ್ಯಾರಿಸನ್, ಅಲಾಸ್ಕದ ಅಫೋಗ್ನಾಕ್ ದ್ವೀಪವನ್ನು ಕಾಡಿಗೂ ಮೀನಿಗೂ ಮೀಸಲೆಂದು ಘೋಷಿಸಿ ಸಹಿ ಹಾಕಿದನು. ಬೇರ್ಡ್ ಸತ್ತು ಆಗ ಐದು ವರ್ಷಗಳು ಕಳೆದಿದ್ದವು.